ಅಭ್ಯುದಯದ ಅಭ್ಯಾಸಗಳು: ಮೈಸೂರಿನ ವಿಜಯನಗರದಿಂದ ಒಂದು ಸಮೀಕ್ಷೆ

ಮನುಷ್ಯನು ತನ್ನ ಬಾಳಿನಲ್ಲಿಯೂ ಕೈಕೊಂಡ ಉದ್ಯೋಗದಲ್ಲಿಯೂ ಮೇಲೇರುವುದು ಯಾವ ಗುಣದಿಂದ, ಯಾವ ರೂಢಿಯಿಂದ ಎಂಬ ಪ್ರಶ್ನೆ ಪುರಾತನವಾದುದು. ಆದರೆ ಅದಕ್ಕೆ ಇಷ್ಟೊಂದು ಉತ್ತರಗಳು ಇಷ್ಟು ಸುಲಭವಾದ ಬೆಲೆಗೆ ದೊರೆಯುತ್ತಿರುವುದು ನಮ್ಮ ಕಾಲದ ವಿಶೇಷ. ಡೇಲ್ ಕಾರ್ನೆಗಿಯ 1936ರ ಗ್ರಂಥ, ಸ್ಟೀಫನ್ ಕೋವಿಯ 1989ರ ಗ್ರಂಥ, ತೆಲುಗಿನಿಂದ ಬಂದು ಕನ್ನಡದ್ದೇ ಆಗಿಹೋದ ಯಂಡಮೂರಿ ವೀರೇಂದ್ರನಾಥರ ‘ವಿಜಯಕ್ಕೆ ಐದು ಮೆಟ್ಟಿಲು’, ಮೈಸೂರಿನ ಶ್ರೀರಾಮಕೃಷ್ಣ ಆಶ್ರಮದಿಂದ ಹೊರಟು ಒಂದು ತಲೆಮಾರಿನ ವಿದ್ಯಾರ್ಥಿಗಳ ಟ್ರಂಕಿನಲ್ಲಿ ಸ್ಥಾನ ಪಡೆದ ಸ್ವಾಮಿ ಜಗದಾತ್ಮಾನಂದರ ‘ಬದುಕಲು ಕಲಿಯಿರಿ’ — ಇವುಗಳ ದಾರಿ ಬೇರೆಬೇರೆಯಾದರೂ ಇವೆಲ್ಲವೂ ಒಂದು ಊಹೆಯನ್ನು ನಿರ್ವಿವಾದವೆಂಬಂತೆ ಮುಂದಿಟ್ಟುಕೊಂಡು ಹೊರಡುತ್ತವೆ. ಸಂಕಲ್ಪವು ವ್ಯಕ್ತಿಯ ಒಳಗೆ ಹುಟ್ಟುವುದು, ಅಭ್ಯಾಸವು ಸಂಕಲ್ಪದಿಂದ ಹುಟ್ಟುವುದು, ಫಲವು ಅಭ್ಯಾಸದಿಂದ ಹುಟ್ಟುವುದು ಎಂಬುದೇ ಆ ಊಹೆ. ಇದು ಎಷ್ಟರಮಟ್ಟಿಗೆ ನಿಜ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪರಿಶೀಲನೆಗೆ ಒಂದು ನೆಲೆ ಬೇಕು. ಮೈಸೂರು ನಗರದ ವಾಯವ್ಯಕ್ಕಿರುವ ವಿಜಯನಗರ ಬಡಾವಣೆಗಿಂತ ಒಳ್ಳೆಯ ನೆಲೆ ಸಿಕ್ಕುವುದು ಕಷ್ಟ. ಒಂದನೆಯ ಹಂತದಿಂದ ನಾಲ್ಕನೆಯ ಹಂತದವರೆಗೆ ಹಿನಕಲ್, ಹೂಟಗಳ್ಳಿಗಳ ಹೊಲಗಳತ್ತ ಹಬ್ಬುತ್ತ ಹೋದ ಈ ಬಡಾವಣೆಯ ಒಂದು ಪಕ್ಕಕ್ಕೆ ಮಾನಸಗಂಗೋತ್ರಿ, ಇನ್ನೊಂದು ಪಕ್ಕಕ್ಕೆ ಹೆಬ್ಬಾಳದ ಕೈಗಾರಿಕಾ ಪ್ರದೇಶ ಮತ್ತು ಇನ್ಫೋಸಿಸ್ ಸಂಸ್ಥೆಯ ವಿಶಾಲವಾದ ಶಿಕ್ಷಣಕೇಂದ್ರ, ಮತ್ತೊಂದು ಪಕ್ಕಕ್ಕೆ ಗೋಕುಲಂ ಮತ್ತು ಒಂಟಿಕೊಪ್ಪಲು. ನಿವೃತ್ತರಾದ ಪ್ರಾಧ್ಯಾಪಕರು, ಹುಣಸೂರು, ಪಿರಿಯಾಪಟ್ಟಣಗಳ ಕಡೆಯಿಂದ ಬಂದು ಪಿ.ಜಿ. ಕೊಠಡಿಗಳಲ್ಲಿ ಕೆ.ಎ.ಎಸ್. ಪರೀಕ್ಷೆಗೆ ಓದುವ ಹುಡುಗರು, ಸಾಫ್ಟ್‌ವೇರ್ ಉದ್ಯೋಗಿಗಳು, ಅವರ ಮನೆಗಳಿಗೆ ನಸುಕಿನಲ್ಲಿ ನಡೆದುಬರುವ ಮನೆಗೆಲಸದ ಹೆಂಗಸರು ಇಲ್ಲಿ ಒಂದೇ ರಸ್ತೆಯಲ್ಲಿ ಎದುರುಬದುರಾಗುತ್ತಾರೆ. ವರ್ಷದ ಮೊದಲನೆಯ ದಿನ ಒಂದನೆಯ ಹಂತದ ಯೋಗಾನರಸಿಂಹಸ್ವಾಮಿ ದೇವಾಲಯದ ಮುಂದೆ ಲಾಡು ಪ್ರಸಾದಕ್ಕಾಗಿ ನಿಲ್ಲುವ ಸಾಲಿನಲ್ಲಿ ಈ ವರ್ಗಗಳೆಲ್ಲವೂ ಒಟ್ಟಿಗಿರುತ್ತವೆ. ಆ ದಿನ ಎಲ್ಲರ ಎದೆಯಲ್ಲಿಯೂ ಒಂದೊಂದು ಹೊಸ ನಿಶ್ಚಯವಿರುವುದೂ ಸಹಜವೇ.

ಮೈಸೂರಿನವನಿಗೆ ಸಫಲತೆಯ ಮಾತು ಬಂದೊಡನೆ ನೆನಪಾಗುವ ಮೂರ್ತಿ ಸರ್ ಎಂ. ವಿಶ್ವೇಶ್ವರಯ್ಯನವರದು. 1861ರಲ್ಲಿ ಮುದ್ದೇನಹಳ್ಳಿಯಲ್ಲಿ ಜನಿಸಿ, ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಮನೆಪಾಠ ಹೇಳಿ ತಮ್ಮ ಓದನ್ನು ತಾವೇ ಸಾಗಿಸಿ, 1881ರಲ್ಲಿ ಸೆಂಟ್ರಲ್ ಕಾಲೇಜಿನ ಪದವೀಧರರಾಗಿ, ಪುಣೆಯಲ್ಲಿ ಎಂಜಿನಿಯರಿಂಗ್ ಪರೀಕ್ಷೆಯನ್ನು 1883ರಲ್ಲಿ ಪ್ರಥಮ ಸ್ಥಾನದಲ್ಲಿ ಮುಗಿಸಿ, 1912ರಿಂದ 1918ರವರೆಗೆ ದಿವಾನಗಿರಿ ನಡೆಸಿ, ನೂರು ವರ್ಷ ತುಂಬಿದ ಮೇಲೆ 1962ರಲ್ಲಿ ಕಣ್ಮುಚ್ಚಿದ ಆ ಮಹನೀಯರ ಜೀವನವನ್ನು ನಮ್ಮ ಪಾಠಪುಸ್ತಕಗಳು ಕಾಲನಿಷ್ಠೆ, ಮಿತವ್ಯಯ, ಶಿಸ್ತುಗಳ ಸಾಕಾರವೆಂದು ಚಿತ್ರಿಸಿವೆ. ಆ ಚಿತ್ರ ಸುಳ್ಳಲ್ಲ. 1951ರಲ್ಲಿ ಬೆಳಕು ಕಂಡ ಅವರ ಆತ್ಮಕಥೆಯನ್ನು ಓದಿದವರಿಗೆ ಅದರಲ್ಲಿ ಸ್ವಂತ ಸುಖದುಃಖಗಳಿಗೆ ಎಷ್ಟು ಕಡಮೆ ಎಡೆಯಿದೆ, ಕಾಮಗಾರಿಗಳಿಗೂ ಲೆಕ್ಕಪತ್ರಗಳಿಗೂ ಎಷ್ಟು ಹೆಚ್ಚು ಎಡೆಯಿದೆ ಎಂಬುದು ಮೊದಲ ಪುಟಗಳಲ್ಲಿಯೇ ಗೋಚರವಾಗುತ್ತದೆ. ತಮ್ಮ ವೈಯಕ್ತಿಕ ಶಿಸ್ತನ್ನು ರಾಜ್ಯದ ಶಿಸ್ತಾಗಿ ಮಾರ್ಪಡಿಸುವುದೇ ಅವರ ಮಹದಾಸೆಯಾಗಿತ್ತು. 1911ರ ಆರ್ಥಿಕ ಸಮ್ಮೇಳನ, 1913ರ ಮೈಸೂರು ಬ್ಯಾಂಕು, 1916ರ ವಿಶ್ವವಿದ್ಯಾನಿಲಯ, ಇವೆಲ್ಲವೂ ಪ್ರಜೆಗಳಲ್ಲಿ ಕಾರ್ಯದಕ್ಷತೆಯ ಅಭ್ಯಾಸವನ್ನು ಬಿತ್ತುವ ಉಪಕರಣಗಳೆಂದೇ ಅವರು ಭಾವಿಸಿದ್ದರು.

ಆದರೆ ಪಾಠಪುಸ್ತಕ ಒಂದು ಸಂಗತಿಯನ್ನು ಅವಸರದಲ್ಲಿ ದಾಟಿಬಿಡುತ್ತದೆ. ಮನೆಪಾಠದ ಹುಡುಗನು ಪುಣೆಗೆ ಹೋಗುವುದು ಸಾಧ್ಯವಾದುದು ಮೈಸೂರು ಸರ್ಕಾರವು ಕೊಟ್ಟ ವಿದ್ಯಾರ್ಥಿವೇತನದಿಂದ. ಆ ಹಣವಿಲ್ಲದಿದ್ದರೆ ಅದೇ ಕಾಲನಿಷ್ಠೆ, ಅದೇ ಏಕಾಗ್ರತೆ ಬೆಂಗಳೂರಿನ ಯಾವುದೋ ಕಚೇರಿಯ ಗುಮಾಸ್ತೆಯಲ್ಲಿ ನಿಷ್ಕಳಂಕವಾಗಿ ಉಳಿದು, ಯಾರಿಗೂ ಉದಾಹರಣೆಯಾಗದೆ ಮುಗಿದುಹೋಗುತ್ತಿತ್ತು. ಇದನ್ನು ಹೇಳುವುದು ಅವರ ಹಿರಿಮೆಯನ್ನು ಕುಗ್ಗಿಸುವುದಕ್ಕಲ್ಲ. ಅವಕಾಶದ ಈ ಪ್ರಶ್ನೆ ಅವರ ದಿವಾನಗಿರಿಯಲ್ಲಿಯೇ ಎದ್ದಿತು. 1918ರಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರ ಸಮುದಾಯಗಳ ಪ್ರಾತಿನಿಧ್ಯವನ್ನು ಕುರಿತು ವಿಚಾರಿಸಲು ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದಾಗ, ಸಮುದಾಯವನ್ನು ನೋಡಿ ನೇಮಕ ಮಾಡಿದರೆ ಆಡಳಿತದ ದಕ್ಷತೆ ಕುಂದುವುದೆಂದೂ ಶಿಕ್ಷಣವನ್ನು ವಿಸ್ತರಿಸುವುದೇ ತಕ್ಕ ಪರಿಹಾರವೆಂದೂ ದಿವಾನರು ನಂಬಿದ್ದರು; ಅದೇ ವರ್ಷದ ಕೊನೆಯಲ್ಲಿ ಅವರು ಅಧಿಕಾರವನ್ನು ಬಿಟ್ಟುಹೋದರು. ಸಮಿತಿಯ ವರದಿ 1919ರಲ್ಲಿ ಬಂದಿತು, 1921ರಲ್ಲಿ ಸರ್ಕಾರ ಅದನ್ನು ಅಂಗೀಕರಿಸಿತು. ವ್ಯಕ್ತಿಯ ಶಿಸ್ತು ದೊಡ್ಡದೋ, ಆ ಶಿಸ್ತಿಗೆ ತೆರೆದ ಬಾಗಿಲು ದೊಡ್ಡದೋ ಎಂಬ ವಾದವನ್ನು ಮೈಸೂರು ಸಂಸ್ಥಾನವು, ಅಮೆರಿಕದ ಮನಶ್ಶಾಸ್ತ್ರಜ್ಞರು ಅದನ್ನು ಪ್ರಯೋಗಶಾಲೆಗೆ ತರುವುದಕ್ಕೆ ಎಷ್ಟೋ ದಶಕಗಳ ಮೊದಲೇ, ಆಡಳಿತದ ಮೇಜಿನ ಮೇಲೆ ನಡೆಸಿತ್ತೆಂಬುದು ಗಮನಾರ್ಹ. ಆ ವಾದದಲ್ಲಿ ದಿವಾನರಿಗಿಂತ ಮಹಾರಾಜರೇ ಹೆಚ್ಚು ದೂರ ಕಂಡಿದ್ದರೆಂದು ನನ್ನ ಅಭಿಪ್ರಾಯ.

ಬಾಗಿಲನ್ನು ತೆರೆದಿಟ್ಟವರು ದೊರೆಗಳು ಮಾತ್ರವಲ್ಲ. ಹಳೆಯ ಮೈಸೂರಿನ ವಿದ್ಯಾರ್ಥಿಜೀವನದಲ್ಲಿ ವಾರಾನ್ನವೆಂಬ ಒಂದು ಪದ್ಧತಿಯಿತ್ತು: ಹಳ್ಳಿಯಿಂದ ಬಂದ ಬಡ ಹುಡುಗನು ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ಒಂದು ಮನೆ ತಪ್ಪಿದರೆ ಆ ದಿನ ನೀರು ಕುಡಿದು ಮಲಗಿ, ಬೀದಿಯ ದೀಪದ ಕೆಳಗೋ ದೇವಸ್ಥಾನದ ಜಗಲಿಯ ಮೇಲೋ ಓದಿ ಪರೀಕ್ಷೆ ಮುಗಿಸುತ್ತಿದ್ದನು. ಆತನ ಸಹನೆ, ಆತನ ಜ್ಞಾಪಕಶಕ್ತಿ, ಆತನ ಮುಂಜಾನೆಯ ಓದು ಇವುಗಳ ಗುಣಗಾನ ನಮ್ಮ ಆತ್ಮಕಥೆಗಳಲ್ಲಿ ಧಾರಾಳವಾಗಿದೆ. ಗುರುವಾರದ ಮನೆಯ ಗೃಹಿಣಿ ತನ್ನ ಆರು ಮಕ್ಕಳ ಜೊತೆಗೆ ಏಳನೆಯ ಎಲೆಯನ್ನು ಹಾಕುತ್ತ ವರ್ಷಾನುಗಟ್ಟಲೆ ಪಾಲಿಸಿದ ಅಭ್ಯಾಸವನ್ನು ಯಾರೂ ಯಶಸ್ಸಿನ ಅಭ್ಯಾಸಗಳ ಪಟ್ಟಿಯಲ್ಲಿ ಸೇರಿಸಿದಂತೆ ಕಾಣೆ. ಈ ಪದ್ಧತಿಯ ಬಾಗಿಲೂ ಎಲ್ಲರಿಗೂ ತೆರೆದಿರಲಿಲ್ಲವೆಂಬುದನ್ನು ಮರೆಯಬಾರದು. ಪಂಕ್ತಿಯು ಜಾತಿಯನ್ನು ಕೇಳುತ್ತಿತ್ತು. ಅದರಿಂದಲೇ ಉಳಿದ ಸಮುದಾಯಗಳು ತಮ್ಮ ತಮ್ಮ ಹುಡುಗರಿಗಾಗಿ ಸಂಘಗಳನ್ನೂ ವಿದ್ಯಾರ್ಥಿನಿಲಯಗಳನ್ನೂ ಕಟ್ಟಬೇಕಾಯಿತು. 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿತು. ಶಿವರಾತ್ರಿ ರಾಜೇಂದ್ರ ಸ್ವಾಮಿಗಳ ಕಾಲದಲ್ಲಿ ಸುತ್ತೂರು ಮಠವು ಮೈಸೂರಿನಲ್ಲಿ ಉಚಿತ ಪ್ರಸಾದನಿಲಯವನ್ನು ನಡೆಸಿತು. 1970ರ ದಶಕದಲ್ಲಿ, ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಿಂದ ಬಂದ ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ, 1972ರಲ್ಲಿ ನೇಮಕವಾದ ಹಾವನೂರು ಆಯೋಗದ 1975ರ ವರದಿಯನ್ನು ಆಧಾರವಾಗಿಟ್ಟುಕೊಂಡು ಹಿಂದುಳಿದ ವರ್ಗಗಳಿಗೆ ಅವಕಾಶಗಳು ವಿಸ್ತಾರವಾದುವು. ಇಂದು ವಿಜಯನಗರದ ಮನೆಗಳ ಗೇಟಿನ ಮೇಲೆ ಹೊಳೆಯುವ ಹಲವು ಪದವಿಗಳ ಹಿಂದೆ ಇಂಥದೊಂದು ಹಾಸ್ಟೆಲಿನ ಮುದ್ದೆ ಸಾರು ಇದ್ದೇ ಇರುತ್ತದೆ.

ಇನ್ನು ವಿಜ್ಞಾನವು ಏನೆನ್ನುವುದೆಂಬುದನ್ನು ನೋಡೋಣ. ಹೊಸ ಅಭ್ಯಾಸವೊಂದು ಇಪ್ಪತ್ತೊಂದು ದಿನಗಳಲ್ಲಿ ನೆಲೆಗೊಳ್ಳುವುದೆಂಬ ಮಾತು ಇಂದು ಶುಭಾಶಯಪತ್ರಗಳಲ್ಲಿಯೂ ಹರಿದಾಡುತ್ತಿದೆ. ಅದರ ಮೂಲವನ್ನು ಹುಡುಕಿಕೊಂಡು ಹೋದರೆ ಸಿಕ್ಕುವುದು ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಶಸ್ತ್ರವೈದ್ಯನು 1960ರ ತನ್ನ ಪುಸ್ತಕದಲ್ಲಿ ಬರೆದ ಒಂದು ಅವಲೋಕನ; ಚಿಕಿತ್ಸೆಯಿಂದ ಬದಲಾದ ಮುಖಕ್ಕೆ ರೋಗಿಗಳು ಒಗ್ಗಿಕೊಳ್ಳಲು ಕಡಮೆಯೆಂದರೆ ಅಷ್ಟು ದಿನ ಬೇಕಾಗುವುದೆಂದು ಆತನು ಹೇಳಿದ್ದನು. ‘ಕಡಮೆಯೆಂದರೆ’ ಎಂಬುದು ದಾರಿಯಲ್ಲೆಲ್ಲೋ ಉದುರಿಹೋಯಿತು. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯ ದಿನಚರಿಯನ್ನು ಹನ್ನೆರಡು ವಾರ ಗಮನಿಸಿ ನಡೆಸಿದ ಅಧ್ಯಯನದಲ್ಲಿ ಮಧ್ಯಾಂಕವು 66 ದಿನವೆಂದು ಕಂಡುಬಂದಿತು. ಆದರೆ ವ್ಯಕ್ತಿಯಿಂದ ವ್ಯಕ್ತಿಗೆ ಅದು 18 ದಿನದಿಂದ 254 ದಿನದವರೆಗೆ ವ್ಯತ್ಯಾಸವಾಗುತ್ತಿತ್ತು. ನಡುವೆ ಒಂದು ದಿನ ತಪ್ಪಿದರೆ ವಿಶೇಷ ಹಾನಿಯಿಲ್ಲವೆಂಬುದನ್ನೂ ಅವರು ಕಂಡರು. ಜನವರಿ ಮೂರನೆಯ ತಾರೀಖಿನಂದೇ ತಮ್ಮ ನಿಶ್ಚಯಕ್ಕೆ ತರ್ಪಣ ಬಿಡುವ ನಮ್ಮವರಿಗೆ ಇದು ಸಣ್ಣ ಸಮಾಧಾನವಲ್ಲ.

ಪರಿಶ್ರಮದ ವಿಷಯದಲ್ಲಿ ಪ್ರಸಿದ್ಧವಾದುದು ಹತ್ತು ಸಾವಿರ ಗಂಟೆಗಳ ಲೆಕ್ಕ. ಆಂಡರ್ಸ್ ಎರಿಕ್ಸನ್ನನು ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳನ್ನು ಕುರಿತು 1993ರಲ್ಲಿ ಪ್ರಕಟಿಸಿದ ಅಧ್ಯಯನವನ್ನು 2008ರಲ್ಲಿ ಮಾಲ್ಕಮ್ ಗ್ಲಾಡ್ವೆಲ್ಲನು ಸರಳೀಕರಿಸಿದ ಮೇಲೆ ಅದು ಮಂತ್ರವಾಗಿ ಹೋಯಿತು. 2014ರಲ್ಲಿ ಮ್ಯಾಕ್‌ನಮಾರ ಮತ್ತು ಸಹೋದ್ಯೋಗಿಗಳು ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸಾಧನೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ಇಂತಹ ಸಾಧಕಾಭ್ಯಾಸದ ಪಾಲು ಸಂಗೀತದಲ್ಲಿ ಶೇಕಡಾ 21, ಕ್ರೀಡೆಯಲ್ಲಿ ಶೇಕಡಾ 18, ಶಾಲಾಶಿಕ್ಷಣದಲ್ಲಿ ಶೇಕಡಾ 4, ಉದ್ಯೋಗಗಳಲ್ಲಿ ಶೇಕಡಾ ಒಂದಕ್ಕಿಂತಲೂ ಕಡಮೆ ಎಂದಾಯಿತು. ಎರಿಕ್ಸನ್ನನ ಮೂಲಪ್ರಬಂಧದಲ್ಲಿದ್ದು ಮಂತ್ರದಲ್ಲಿ ಕಾಣೆಯಾದ ಇನ್ನೊಂದು ಅಂಶವೂ ಉಂಟು: ಉತ್ತಮರಾದ ವಾದಕರು ಉಳಿದವರಿಗಿಂತ ಹೆಚ್ಚು ನಿದ್ರಿಸುತ್ತಿದ್ದರು, ಮಧ್ಯಾಹ್ನ ಒಂದು ಜೊಂಪು ಹತ್ತಿಸುವುದನ್ನೂ ಬಿಡುತ್ತಿರಲಿಲ್ಲ. ಏಂಜೆಲಾ ಡಕ್‌ವರ್ತ್ ಹೇಳುವ ‘ಗ್ರಿಟ್’ ಎಂಬ ಛಲವು ಮನಶ್ಶಾಸ್ತ್ರಕ್ಕೆ ಮೊದಲೇ ತಿಳಿದಿದ್ದ ಕರ್ತವ್ಯನಿಷ್ಠೆಯಿಂದ ಹೆಚ್ಚು ಭಿನ್ನವಲ್ಲವೆಂದು 2017ರ ಸಮೀಕ್ಷೆಯೊಂದು ತೋರಿಸಿದೆ. ಅಲ್ಲಿಗೆ ಅದನ್ನು ಬಿಡಬಹುದು.

ಹೆಚ್ಚು ವಿಚಾರಕ್ಕೆ ಅರ್ಹವಾದುದು ಮನೋಭಾವದ ಪ್ರಶ್ನೆ. ಬುದ್ಧಿಶಕ್ತಿಯು ಹುಟ್ಟಿನಿಂದ ಸ್ಥಿರವಲ್ಲ, ಬೆಳೆಯತಕ್ಕದ್ದು ಎಂದು ನಂಬುವ ಮಗುವು ಸೋಲನ್ನು ತಾಳಿಕೊಂಡು ಮುಂದುವರಿಯುವುದೆಂದು ಕ್ಯಾರಲ್ ಡ್ವೆಕ್ 2006ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. 2019ರಲ್ಲಿ ಅಮೆರಿಕದ ಸುಮಾರು 12,000 ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳ ಮೇಲೆ ಈ ಬೋಧೆಯನ್ನು ಒಂದು ಗಂಟೆಗೂ ಕಡಮೆಯ ಪಾಠವಾಗಿ ಪ್ರಯೋಗಿಸಿದಾಗ, ಹಿಂದುಳಿದ ವಿದ್ಯಾರ್ಥಿಗಳ ಅಂಕಗಳು ನಾಲ್ಕರ ಮಾನದಲ್ಲಿ ದಶಾಂಶ ಒಂದರಷ್ಟು ಮೇಲೇರಿದುವು. ಫಲ ಸಣ್ಣದು, ಆದರೆ ನಿಜವಾದದ್ದು. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಮುಖ್ಯವಾದುದು ಅವರ ಇನ್ನೊಂದು ನಿರ್ಣಯ: ಕಷ್ಟದ ಲೆಕ್ಕವನ್ನು ಕೈಗೆತ್ತಿಕೊಳ್ಳುವುದು ಸಹಪಾಠಿಗಳ ನಡುವೆ ಸಹಜವೆನಿಸಿದ್ದ ಶಾಲೆಗಳಲ್ಲಿ ಆ ಪಾಠ ಫಲಿಸಿತು, ಅಂತಹ ವಾತಾವರಣವಿಲ್ಲದ ಶಾಲೆಗಳಲ್ಲಿ ಒಣಗಿಹೋಯಿತು. ಬೀಜಕ್ಕೂ ನೆಲಕ್ಕೂ ಇರುವ ಈ ಸಂಬಂಧ ಮಂಡ್ಯದ ರೈತನಿಗೆ ಹೊಸದಲ್ಲ.

ಇದೇ ಮಾತನ್ನು ಮಿಠಾಯಿಯ ಪ್ರಯೋಗವೂ ಹೇಳುತ್ತದೆ. ಸ್ಟ್ಯಾನ್‌ಫರ್ಡಿನ ವಾಲ್ಟರ್ ಮಿಶೆಲ್ಲನು ಮಕ್ಕಳ ಮುಂದೆ ಒಂದು ಮಿಠಾಯಿಯಿಟ್ಟು, ತಿನ್ನದೆ ಕಾದರೆ ಎರಡನೆಯದು ಸಿಕ್ಕುವುದೆಂದು ಹೇಳಿ, ಕಾದ ಮಕ್ಕಳು ಮುಂದೆ ಓದಿನಲ್ಲಿ ಮೇಲಾದರೆಂದು ವರದಿ ಮಾಡಿದನು. ಸಂಯಮವೇ ಸಿದ್ಧಿಯ ಮೂಲವೆಂಬ ಉಪದೇಶಕ್ಕೆ ಅದು ಶಾಸ್ತ್ರಪ್ರಮಾಣವಾಯಿತು. 2018ರಲ್ಲಿ ಹೆಚ್ಚು ಮಕ್ಕಳ ಮೇಲೆ ಅದನ್ನು ಪುನಃ ಪರಿಶೀಲಿಸಿದಾಗ, ಮನೆಯ ಸ್ಥಿತಿಗತಿಗಳನ್ನು ಲೆಕ್ಕಕ್ಕೆ ಹಿಡಿದೊಡನೆ ಆ ಸಂಬಂಧವು ಬಹುಪಾಲು ಕುಗ್ಗಿತು. 2013ರಲ್ಲಿ ರೋಚೆಸ್ಟರಿನಲ್ಲಿ ಇನ್ನೂ ಸೊಗಸಾದ ಪ್ರಯೋಗವೊಂದು ನಡೆದಿತ್ತು: ಮಾತಿಗೆ ತಪ್ಪಿದ ಹಿರಿಯನೆದುರು ಮಕ್ಕಳು ಸುಮಾರು ಮೂರು ನಿಮಿಷ ಕಾದರೆ, ಮಾತನ್ನು ಉಳಿಸಿಕೊಂಡ ಹಿರಿಯನೆದುರು ಹನ್ನೆರಡು ನಿಮಿಷ ಕಾದರು. ಕಾಯುವುದು ಮಗುವಿನ ಗುಣವೆಂದು ನಾವು ಬರೆದುಕೊಂಡಿದ್ದೆವು. ಅದು ಅರೆವಾಸಿ ಹಿರಿಯರ ಗುಣವಾಗಿತ್ತು. ನಮ್ಮ ನೆರೆಯ ತಮಿಳುನಾಡಿನ ಕಬ್ಬು ಬೆಳೆಗಾರರ ವಿಷಯ ಇನ್ನೂ ಹತ್ತಿರದ್ದು. 464 ರೈತರನ್ನು ಸುಗ್ಗಿಯ ಮೊದಲೂ ಸುಗ್ಗಿಯ ಅನಂತರವೂ ಬುದ್ಧಿಪರೀಕ್ಷೆಗೆ ಒಳಪಡಿಸಿದಾಗ, ಕೈಯಲ್ಲಿ ಕಾಸಿಲ್ಲದ ತಿಂಗಳುಗಳಲ್ಲಿ ಮಂಕಾಗಿದ್ದ ಅದೇ ಮನುಷ್ಯರು ಹಣ ಬಂದ ಮೇಲೆ ಚುರುಕಾಗಿ ಕಂಡರು. ಆ ಅಧ್ಯಯನವೂ 2013ರದೇ. ಬಡವನಿಗೆ ದೂರದೃಷ್ಟಿಯಿಲ್ಲ, ಏಕಾಗ್ರತೆಯಿಲ್ಲ ಎಂದು ಸಲೀಸಾಗಿ ತೀರ್ಪುಕೊಡುವ ಉಪನ್ಯಾಸಕರು ಇದನ್ನು ಒಮ್ಮೆ ಓದುವುದು ಒಳಿತು.

ಹಾಗಾದರೆ ವ್ಯಕ್ತಿಯ ಪ್ರಯತ್ನಕ್ಕೆ ಬೆಲೆಯೇ ಇಲ್ಲವೇ? ಇಲ್ಲವೆಂದು ಹೇಳುವುದು ಇನ್ನೊಂದು ಅತಿರೇಕ. ಒಂಟಿಕೊಪ್ಪಲಿನ ‘ಉದಯರವಿ’ಯ ಕುವೆಂಪು ಅವರು ಅಧ್ಯಾಪನದ ನಡುವೆ ಒಂಬತ್ತು ವರ್ಷ ಹಿಡಿದು ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಪೂರೈಸಿದುದು ವಾತಾವರಣದ ಕೃಪೆಯಿಂದ ಮಾತ್ರವೇ ಅಲ್ಲ. ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ಅನುತ್ತೀರ್ಣರಾದ ಆರ್.ಕೆ. ನಾರಾಯಣರು ಆ ಖಾಲಿ ವರ್ಷವನ್ನು ಓದುವುದಕ್ಕೂ ಬರೆಯುವುದಕ್ಕೂ ವಿನಿಯೋಗಿಸಿ, ಪ್ರಕಾಶಕರ ನಿರಾಕರಣೆಗಳನ್ನು ಸಹಿಸಿ, 1935ರಲ್ಲಿ ತಮ್ಮ ಮೊದಲ ಕಾದಂಬರಿಯನ್ನು ಹೊರತಂದುದೂ ಹಾಗೆಯೇ. ಆದರೂ ಅವರ ತಂದೆ ಮುಖ್ಯೋಪಾಧ್ಯಾಯರು, ಶಾಲೆಯ ಗ್ರಂಥಭಂಡಾರ ಮಗನಿಗೆ ತೆರೆದಿತ್ತು, ಸೋತ ಮಗನನ್ನು ಅಂಗಡಿಯ ಲೆಕ್ಕಕ್ಕೆ ಕಳುಹಿಸಬೇಕಾದ ಒತ್ತಾಯ ಆ ಮನೆಗಿರಲಿಲ್ಲ ಎಂಬುದನ್ನು ಪಕ್ಕದಲ್ಲಿಯೇ ಬರೆದಿಡಬೇಕು.

ಅಭ್ಯಾಸವನ್ನು ಆವರಣವು ಹೇಗೆ ಹೊತ್ತುಕೊಂಡಿರುತ್ತದೆಂಬುದನ್ನು ಪ್ರತ್ಯಕ್ಷ ನೋಡಬೇಕೆಂಬವರು ವಿಜಯನಗರದಿಂದ ನಡೆದೇ ಹೋಗಬಹುದಾದ ಗೋಕುಲಂ ಕಡೆ ಗಮನ ಕೊಡಬೇಕು. ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ಮಹಾರಾಜರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ನಡೆಸಿದ ಯೋಗಶಾಲೆಯ ಪರಂಪರೆಯನ್ನು ಅವರ ಶಿಷ್ಯ ಕೆ. ಪಟ್ಟಾಭಿ ಜೋಯಿಸರು (1915–2009) ಮೊದಲು ಲಕ್ಷ್ಮೀಪುರದಲ್ಲಿ, 2002ರಿಂದ ಗೋಕುಲಂನಲ್ಲಿ ಮುಂದುವರಿಸಿದರು. ಲೋಕದ ನಾನಾ ಮೂಲೆಗಳಿಂದ ಬಂದವರು ಅದನ್ನು ‘ಮೈಸೂರು ಶೈಲಿ’ಯೆಂದು ಕರೆಯುತ್ತಾರೆ. ಒಂದೇ ಶಾಲೆಯಲ್ಲಿ ಹಲವರು ಕೂಡಿ, ಪ್ರತಿಯೊಬ್ಬನೂ ತನ್ನ ಉಸಿರಿನ ಗತಿಯಲ್ಲಿ, ತಾನು ಮುಟ್ಟಿದ ಆಸನದವರೆಗೆ ಮಾತ್ರ, ನಿತ್ಯವೂ ಅದೇ ಅನುಕ್ರಮದಲ್ಲಿ ನಸುಕಿನಲ್ಲಿ ಅಭ್ಯಾಸ ಮಾಡುವುದು ಅದರ ಕ್ರಮ. ಇಂದು ಏನು ಮಾಡಬೇಕೆಂದು ಅಲ್ಲಿ ಯಾರೂ ಯೋಚಿಸಬೇಕಾಗಿಲ್ಲ. ವೇಳೆ ಗೊತ್ತು, ಸ್ಥಳ ಗೊತ್ತು, ಮುಂದಿನ ಹೆಜ್ಜೆ ಗೊತ್ತು, ಪಕ್ಕದವನು ಬಂದಿದ್ದಾನೆ, ಗುರುವು ನೋಡುತ್ತಿದ್ದಾನೆ. ಶನಿವಾರ ವಿಶ್ರಾಂತಿ, ಅಮಾವಾಸ್ಯೆ ಹುಣ್ಣಿಮೆಗಳಂದು ಅನಧ್ಯಯನ. ಸಂಕಲ್ಪಬಲವನ್ನು ವೃಥಾ ವ್ಯಯಮಾಡದಿರುವ ಇಷ್ಟು ಜಾಣತನದ ಏರ್ಪಾಡನ್ನು ವಿಜಯಸೂತ್ರಗಳ ಯಾವ ಗ್ರಂಥದಲ್ಲಿಯೂ ನಾನು ಕಂಡಿಲ್ಲ.

ವಿಶ್ರಾಂತಿಯ ಪ್ರಸ್ತಾಪ ಬಂದುದರಿಂದ ಈಚಿನ ಒಂದು ವಿವಾದವನ್ನು ಬಿಡುವಂತಿಲ್ಲ. ಮೈಸೂರಿನ ಎನ್.ಐ.ಇ. ಕಾಲೇಜಿನಲ್ಲಿ 1967ರಲ್ಲಿ ಎಂಜಿನಿಯರಿಂಗ್ ಪದವಿ ಪಡೆದು, 1981ರಲ್ಲಿ ಪತ್ನಿಯ ಉಳಿತಾಯದ ಹತ್ತು ಸಾವಿರ ರೂಪಾಯಿಗಳನ್ನು ಬಂಡವಾಳವಾಗಿಟ್ಟು ಸಂಗಡಿಗರೊಡನೆ ಇನ್ಫೋಸಿಸನ್ನು ಸ್ಥಾಪಿಸಿದ ಎನ್.ಆರ್. ನಾರಾಯಣಮೂರ್ತಿಯವರು, ದೇಶದ ತರುಣರು ವಾರಕ್ಕೆ ಎಪ್ಪತ್ತು ಗಂಟೆ ದುಡಿಯಬೇಕೆಂದು 2023ರ ಅಕ್ಟೋಬರಿನಲ್ಲಿ ಸಲಹೆ ಮಾಡಿದಾಗ ಪರವಿರೋಧಗಳು ಧಾರಾಳವಾಗಿ ಎದ್ದುವು. ಸ್ವತಃ ಹಾಗೆ ದುಡಿದವರ ಮಾತಾದುದರಿಂದ ಅದನ್ನು ಲಘುವಾಗಿ ತಳ್ಳಿಹಾಕಲಾಗದು. ಆದರೆ ಆ ಎಪ್ಪತ್ತು ಗಂಟೆಗಳನ್ನು ಒಬ್ಬನು ಕಚೇರಿಯಲ್ಲಿ ಕಳೆಯಬೇಕಾದರೆ ಆತನ ಅಡುಗೆಯನ್ನು, ಮಗುವಿನ ಜ್ವರವನ್ನು, ತಾಯಿಯ ಮಾತ್ರೆಯನ್ನು ಮತ್ತೊಬ್ಬರು ನೋಡಿಕೊಳ್ಳಬೇಕು. 2019ರ ರಾಷ್ಟ್ರೀಯ ಕಾಲವಿನಿಯೋಗ ಸಮೀಕ್ಷೆಯ ಪ್ರಕಾರ, ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ ಗಂಡಸರು 97 ನಿಮಿಷಗಳನ್ನೂ ವೇತನವಿಲ್ಲದ ಆ ದುಡಿಮೆಗೆ ಕೊಡುತ್ತಿದ್ದರು. ಬ್ರಾಹ್ಮೀ ಮುಹೂರ್ತದಲ್ಲಿ ಎದ್ದರೆ ವಿಜಯ ಖಂಡಿತವೆಂಬುದು ನಿಜವಾಗಿದ್ದ ಪಕ್ಷದಲ್ಲಿ, ನಾಲ್ಕೂವರೆಗೆ ಎದ್ದು ತನ್ನ ಮನೆಯ ಕೆಲಸ ಮುಗಿಸಿ ಮೂರು ಮನೆಗಳ ಪಾತ್ರೆ ತೊಳೆಯಲು ಕುಂಬಾರಕೊಪ್ಪಲಿನಿಂದ ವಿಜಯನಗರಕ್ಕೆ ನಡೆದುಬರುವ ಹೆಂಗಸೇ ಈ ಬಡಾವಣೆಯ ಅತ್ಯಂತ ಶ್ರೀಮಂತಳಾಗಿರಬೇಕಾಗಿತ್ತು.

ವಿಜಯವೆಂದರೆ ಯಾವುದು ಎಂಬುದನ್ನೂ ಕನ್ನಡನಾಡು ಬಹುಕಾಲದ ಹಿಂದೆಯೇ ಕೇಳಿಕೊಂಡಿದೆ. ಹನ್ನೆರಡನೆಯ ಶತಮಾನದ ಶರಣ ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಆತನ ಹೆಂಡತಿ ಲಕ್ಕಮ್ಮ ಹೆಚ್ಚಾದುದನ್ನು ಅಲ್ಲಿಯೇ ಸುರಿದುಬರುವಂತೆ ಹೇಳಿ ಕಳುಹಿಸಿದಳೆಂಬುದು ಎಲ್ಲರಿಗೂ ತಿಳಿದ ಕಥೆ. ಕಾಯಕದಲ್ಲಿ ಲೋಪ ಕೂಡದು, ಗಳಿಕೆಯಲ್ಲಿ ಆಸೆ ಕೂಡದು ಎಂಬ ಆ ನಿಲುವನ್ನು ಇಂದಿನ ಗೃಹಸ್ಥನ ಮೇಲೆ ಹೇರುವುದು ನನ್ನ ಇಚ್ಛೆಯಲ್ಲ. ಮನೆಯ ಸಾಲ, ಮಕ್ಕಳ ಶುಲ್ಕಗಳ ನಡುವೆ ಅದು ಸಾಧ್ಯವೂ ಅಲ್ಲ. ಆದರೆ ಎಷ್ಟು ಸಾಕೆಂಬ ಪ್ರಶ್ನೆಯನ್ನು ಎಲ್ಲಿಯೂ ಕೇಳದ ಅಭ್ಯುದಯಶಾಸ್ತ್ರವು ಅಪೂರ್ಣವೆಂಬುದನ್ನು ಒಪ್ಪಬೇಕು.

ಇಷ್ಟೆಲ್ಲ ಸೋಸಿದ ಮೇಲೆ ಜಾಲರಿಯಲ್ಲಿ ಉಳಿಯುವುದು ಅಲ್ಪವಾದರೂ ನಂಬತಕ್ಕದ್ದು: ವೇಳೆ ಮತ್ತು ಸ್ಥಳವನ್ನು ಗೊತ್ತುಮಾಡಿಕೊಳ್ಳುವುದು, ಓದಿದ್ದನ್ನು ಪುಸ್ತಕ ಮುಚ್ಚಿ ನೆನಪಿನಿಂದ ಒಪ್ಪಿಸಿಕೊಳ್ಳುವುದು, ನಿದ್ರೆಯನ್ನು ಕದಿಯದಿರುವುದು, ತಪ್ಪಿದ ದಿನವನ್ನು ದೊಡ್ಡದು ಮಾಡದಿರುವುದು. ಇವುಗಳಲ್ಲಿ ಒಂದೂ ಅಸಾಧಾರಣವಾದುದಲ್ಲ. ಆದರೆ ಪ್ರತಿಯೊಂದಕ್ಕೂ ಒಂದು ಮೂಲೆ, ಒಂದು ದೀಪ, ಯಾರೂ ಕೆಲಸ ಹೇಳದ ಒಂದು ಗಂಟೆ ಬೇಕು. ನಾಲ್ವರು ಹುಡುಗರು ಹಂಚಿಕೊಂಡ ಪಿ.ಜಿ. ಕೊಠಡಿಯಲ್ಲಿ ಅದು ದುರ್ಲಭ. ಮುಕ್ತಗಂಗೋತ್ರಿಯ ಪಾಠಗಳನ್ನು ಓದುವ ಗೃಹಿಣಿಯ ಅಡುಗೆಮನೆಯಲ್ಲಿ ಇನ್ನೂ ದುರ್ಲಭ. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ಆರಂಭಿಸಿದ ಅಂಚೆಯ ಮೂಲಕದ ಶಿಕ್ಷಣವೇ 1996ರಲ್ಲಿ ಮುಕ್ತಗಂಗೋತ್ರಿಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆದು, ದುಡಿಯುವವರಿಗೆ ಪಾಠವನ್ನೇನೋ ಮನೆಗೆ ಮುಟ್ಟಿಸಿತು. ಮನೆಯಲ್ಲಿ ಓದುವ ಜಾಗವನ್ನು ಮುಟ್ಟಿಸುವುದು ಅದರ ಕೈಯಲ್ಲಿರಲಿಲ್ಲ.

ಆ ಕೊರತೆಯನ್ನು ತುಂಬುವ ದಾರಿ ಕಾಯಿದೆಯಲ್ಲಿಯೇ ಇದೆ. ಬಡಾವಣೆಯನ್ನು ರಚಿಸುವಾಗ ನಾಗರಿಕ ಸೌಲಭ್ಯಕ್ಕೆಂದು ನಿವೇಶನಗಳನ್ನು ಮೀಸಲಿಡುವುದು ನಿಯಮ; ನಾವು ಸಿ.ಎ. ಸೈಟುಗಳೆಂದು ಕರೆಯುವ ಅವುಗಳಲ್ಲಿ ಹಂತಕ್ಕೊಂದರಂತೆ, ಮುಂಜಾನೆ ಐದರಿಂದ ರಾತ್ರಿ ಹತ್ತರವರೆಗೆ ತೆರೆದಿರುವ, ಹೆಂಗಸರು ಮಗುವಿನೊಡನೆ ಬಂದು ಕುಳಿತುಕೊಳ್ಳಬಹುದಾದ ಒಂದು ವಾಚನಾಲಯಕ್ಕೆ ಸ್ಥಳ ದೊರೆಯಲಾರದೆಂದು ನಂಬುವುದು ಕಷ್ಟ. ಹಣದ ಮಾತನ್ನೂ ಹೇಳಿಬಿಡುವುದು ಮೇಲು. ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ 1965ರ ಅಧಿನಿಯಮದ ಮೇರೆಗೆ ಆಸ್ತಿತೆರಿಗೆಯ ಪ್ರತಿ ರೂಪಾಯಿಯ ಜೊತೆಗೆ ಆರು ಪೈಸೆಯ ಗ್ರಂಥಾಲಯ ಕರವನ್ನು ವಿಜಯನಗರದ ಮನೆಯೊಡೆಯರೆಲ್ಲರೂ ವರ್ಷವರ್ಷವೂ ಕಟ್ಟುತ್ತಲೇ ಇದ್ದಾರೆ. ಆ ಆರು ಪೈಸೆ ತಮ್ಮ ಹಂತಕ್ಕೆ ಯಾವ ರೂಪದಲ್ಲಿ ಹಿಂದಿರುಗಿದೆಯೆಂದು ನಗರಪಾಲಿಕೆಯನ್ನೂ ಗ್ರಂಥಾಲಯ ಇಲಾಖೆಯನ್ನೂ ಲಿಖಿತವಾಗಿ ಕೇಳುವುದಕ್ಕೆ ಅವರಿಗೆ ಯಾವ ಅಡ್ಡಿಯೂ ಇಲ್ಲ.